ಜಾಗವಿದೆ, ಆದರೆ ಲೆಕ್ಕದಲ್ಲಿಲ್ಲ

ಏಳನೇ ತರಗತಿಯ ಹುಡುಗಿಯೊಬ್ಬಳು ಬರೆದ ಕಾಗದ ನನ್ನ ಮೇಜಿನ ಮೇಲಿದೆ. ಅವಳ ಅಪ್ಪ ಒಂದು ಆಸ್ಪತ್ರೆಯ ಸರ್ವರ್‌ಗಳನ್ನು ನೋಡಿಕೊಳ್ಳುವವರು. ರಾತ್ರಿ ಊಟಕ್ಕೆ ಕೂತಾಗ ಅವರಿಗೆ ಫೋನ್ ಬಂತಂತೆ. ರಕ್ತಪರೀಕ್ಷೆಯ ವರದಿಗಳನ್ನು ಇಡುವ ಸರ್ವರ್‌ನಲ್ಲಿ ಜಾಗ ಮುಗಿದಿದೆ, ಹೊಸ ವರದಿ ಒಂದೂ ಒಳಗೆ ಹೋಗುತ್ತಿಲ್ಲ, ವಾರ್ಡಿನಲ್ಲಿ ವೈದ್ಯರು ಕಾಯುತ್ತಿದ್ದಾರೆ. “ಅಪ್ಪ 100 ಜಿಬಿ ಇದ್ದ ಡಿಸ್ಕನ್ನು 150 ಜಿಬಿ ಮಾಡಿಸಿದರು. ಆದರೂ ಪರದೆಯ ಮೇಲೆ 100 ಜಿಬಿ, ಪೂರ್ತಿ ಭರ್ತಿ ಅಂತಲೇ ಬರುತ್ತಿತ್ತು. ಅನ್ನ ಆರಿಹೋಯಿತು. ತಾತ, ಆ 50 ಜಿಬಿ ಎಲ್ಲಿ ಹೋಯಿತು?” ಇದು ಅವಳ ಪ್ರಶ್ನೆ.

ಬ್ಯಾಂಕಿನಲ್ಲಿ ಆಡಿಟರು ಕೇಳುವಂಥ ಪ್ರಶ್ನೆ ಇದು. ತಂದದ್ದು ಹೌದು, ಆದರೆ ಕಾಣುತ್ತಿಲ್ಲವಲ್ಲ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ 50 ಜಿಬಿ ಎಲ್ಲಿಗೂ ಹೋಗಿರಲಿಲ್ಲ. ಅಲ್ಲೇ ಇತ್ತು. ಲೆಕ್ಕದ ಪುಸ್ತಕಕ್ಕೆ ಮಾತ್ರ ಇನ್ನೂ ಏರಿರಲಿಲ್ಲ.

ಇದನ್ನು ಹೇಳಲು ನನಗೆ ನಮ್ಮ ಹಳೆಯ ಲೆಡ್ಜರಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಕಂಪ್ಯೂಟರ್ ಬರುವ ಮೊದಲು ಉಳಿತಾಯ ಖಾತೆಗಳನ್ನು ಬಿಡಿ ಹಾಳೆಗಳ ದಪ್ಪ ಲೆಡ್ಜರುಗಳಲ್ಲಿ ಬರೆಯುತ್ತಿದ್ದೆವು. ಅಜ್ಜ ಅಜ್ಜಿಯರು ಕೌಂಟರಿನಾಚೆ ನಿಂತು ನೋಡಿದ್ದೀರಿ. ಎರಡು ರಟ್ಟು, ನಡುವೆ ಹಾಳೆಗಳು, ಪಕ್ಕದಲ್ಲಿ ಬೀಗ. ಒಬ್ಬರ ಖಾತೆಗೆ ಒಂದು ಹಾಳೆ, ಹಾಳೆಗೊಂದು ಸಂಖ್ಯೆ. ಮುಂದುಗಡೆ ಹೆಸರುಗಳ ಸೂಚಿ. ಹಾಳೆ ಮುಗಿದರೆ ಗುಮಾಸ್ತ ತನ್ನಿಷ್ಟದಂತೆ ಹೊಸ ಹಾಳೆ ತುರುಕುವಂತಿರಲಿಲ್ಲ. ಎಷ್ಟು ಖಾಲಿ ಹಾಳೆ ತೆಗೆದುಕೊಂಡೆ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಸೇರಿಸಿದೆ ಎಂದು ರಿಜಿಸ್ಟರಿನಲ್ಲಿ ಬರೆದು ಅಧಿಕಾರಿಯ ಸಹಿ ಪಡೆಯಬೇಕಿತ್ತು. ಅಲ್ಲಿಯವರೆಗೆ ಆ ಹಾಳೆಗಳು ಮೇಜಿನ ಮೇಲೆ ಕಂತೆ ಕಂತೆಯಾಗಿ ಬಿದ್ದಿದ್ದರೂ ಲೆಡ್ಜರಿನ ಪಾಲಿಗೆ ಇಲ್ಲ.

ಡಿಸ್ಕು ಎಂದರೆ ಖಾಲಿ ಹಾಳೆಗಳ ಕಂತೆ. ಹಾಳೆಗೆ ಅಲ್ಲಿ ಬ್ಲಾಕ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಬ್ಲಾಕಿನಲ್ಲಿ 4096 ಬೈಟು. ಕನ್ನಡದಲ್ಲಾದರೆ ಸಾವಿರದ ಮುನ್ನೂರು ಚಿಲ್ಲರೆ ಅಕ್ಷರ ಚಿಹ್ನೆ ಹಿಡಿಸುತ್ತದೆ. ಈ ಹಾಳೆಗಳಲ್ಲಿ ಯಾವುದು ಯಾರದು, ಯಾವುದು ಖಾಲಿ ಎಂದು ಬರೆದಿಡುವ ಲೆಕ್ಕಕ್ಕೆ ಫೈಲ್‌ಸಿಸ್ಟಮ್ ಎಂದು ಹೆಸರು. ಅದರ ಮೊದಲ ಪುಟ ಸೂಪರ್‌ಬ್ಲಾಕ್. ಒಟ್ಟು ಹಾಳೆ ಎಷ್ಟು, ಅದರಲ್ಲಿ ಖಾಲಿ ಎಷ್ಟು ಎಂಬ ಮೊತ್ತಗಳು ಅಲ್ಲಿರುತ್ತವೆ. ಪ್ರತಿ ಫೈಲಿಗೆ ಒಂದು ಐನೋಡ್ ಇರುತ್ತದೆ, ನಮ್ಮ ಖಾತೆಯ ತಲೆಹಾಳೆಯಂತೆ. ಫೈಲಿನ ಒಡೆಯರು ಯಾರು, ಗಾತ್ರ ಎಷ್ಟು, ಕೊನೆಯ ಸಲ ಬದಲಾಗಿದ್ದು ಯಾವಾಗ, ಅದರ ಮಾತುಗಳು ಯಾವ ಯಾವ ಬ್ಲಾಕಿನಲ್ಲಿವೆ ಎಲ್ಲವೂ ಅದರಲ್ಲಿ. ತಮಾಷೆಯೆಂದರೆ ಫೈಲಿನ ಹೆಸರು ಮಾತ್ರ ಐನೋಡಿನಲ್ಲಿ ಇರುವುದಿಲ್ಲ! ಹೆಸರು ಸೂಚಿಯಲ್ಲಿ, ಎಂದರೆ ಡೈರೆಕ್ಟರಿಯಲ್ಲಿ ಇರುತ್ತದೆ. ಹೆಸರಿನ ಎದುರಿಗೆ ಐನೋಡಿನ ಸಂಖ್ಯೆ. ನಮ್ಮ ಲೆಡ್ಜರಿನ ಸೂಚಿಯಲ್ಲೂ ಹೀಗೇ ಹೆಸರು, ಎದುರಿಗೆ ಹಾಳೆಯ ಸಂಖ್ಯೆ.

ಈ ಏರ್ಪಾಡು ನಿನ್ನೆ ಮೊನ್ನೆಯದಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯವಿತ್ತು. ಅಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಅವರು ಯುನಿಕ್ಸ್ ಬರೆಯಲು ಕೂತರು, ಡೆನ್ನಿಸ್ ರಿಚ್ಚಿ ಅವರು ಜೊತೆಯಾದರು. ಮುಂದಿನ ವರ್ಷ ಅವರಿಗೆ ಸಿಕ್ಕ ಪಿಡಿಪಿ–11 ಎಂಬ ಯಂತ್ರದ ಡಿಸ್ಕಿನ ಗಾತ್ರ ಬರೀ 512 ಕೆಬಿ. ಈಗ ನಿಮ್ಮ ಅಮ್ಮನ ಫೋನಿನಲ್ಲಿ ತೆಗೆದ 4 ಎಂಬಿಯ ಒಂದು ಫೋಟೋ ಇಡಲು ಅಂಥ 8 ಡಿಸ್ಕು ಬೇಕಾಗುತ್ತಿದ್ದವು. ಆಗಿನ ಯುನಿಕ್ಸಿನಲ್ಲಿ ಎಲ್ಲ ಐನೋಡುಗಳನ್ನೂ ಡಿಸ್ಕಿನ ಮುಂಭಾಗದಲ್ಲಿ ಒಟ್ಟಿಗೆ ಇಡುತ್ತಿದ್ದರು. ಅದು ಮುಗಿದ ಕೂಡಲೇ ಫೈಲುಗಳ ಮಾಹಿತಿ ಶುರು. ಮುಂದೆ ಗೋಡೆ, ಹಿಂದೆ ಗೋಡೆ. ಐನೋಡುಗಳ ಪಟ್ಟಿ ಬೆಳೆಯಬೇಕೆಂದರೆ ಎಲ್ಲಿಗೆ ಬೆಳೆಯಬೇಕು? ಹಾಗಾಗಿ ಜಾಗ ಸಾಲದಾದಾಗ ಎಲ್ಲವನ್ನೂ ಟೇಪಿಗೆ ಇಳಿಸಿ, ದೊಡ್ಡ ಡಿಸ್ಕಿನಲ್ಲಿ ಹೊಸ ಫೈಲ್‌ಸಿಸ್ಟಮ್ ಮಾಡಿ, ಟೇಪಿನಿಂದ ಮತ್ತೆ ತುಂಬಬೇಕಿತ್ತು. ಹಳೆ ಲೆಡ್ಜರು ಮುಚ್ಚಿ, ಹೊಸದು ತೆರೆದು, ಒಂದೊಂದೇ ಖಾತೆಯ ಬಾಕಿಯನ್ನು ಮುಂದಕ್ಕೆ ಒಯ್ದು ಬರೆಯುತ್ತಿದ್ದ ರಾತ್ರಿಗಳು ನನಗೆ ಗೊತ್ತು. ಅದೇ ಕಷ್ಟ ಇದು.

ನಮ್ಮ ಕಡೆಗೂ ಯುನಿಕ್ಸ್ ಬಂತು. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ಬ್ಯಾಂಕುಗಳ ಶಾಖೆಗಳಿಗೆ ಒಂದೊಂದಾಗಿ ಯಂತ್ರಗಳು ಬರತೊಡಗಿದವು, ಅವುಗಳಲ್ಲಿ ಅನೇಕ ಯುನಿಕ್ಸ್ ಯಂತ್ರಗಳು. ಆ ಕಥೆಯೇ ಬೇರೆ, ಇನ್ನೊಂದು ವಾರಕ್ಕಿರಲಿ.

ಬೆಳೆಸುವ ದಾರಿ ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಕರ್ಕ್ ಮೆಕ್ಯೂಸಿಕ್ ಮತ್ತು ಜೊತೆಗಾರರು ಡಿಸ್ಕಿನ ನಿಧಾನವನ್ನು ಕಂಡು ಬೇಸತ್ತಿದ್ದರು. ಐನೋಡು ಒಂದು ತುದಿ, ಮಾಹಿತಿ ಇನ್ನೊಂದು ತುದಿ. ಡಿಸ್ಕಿನ ಓದುವ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಿಯೇ ಸುಸ್ತು. ಅದಕ್ಕೆ ಅವರು ಡಿಸ್ಕನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆದು, ಪ್ರತಿ ಗುಂಪಿಗೂ ಅದರದೇ ಐನೋಡುಗಳು, ಅದರದೇ ಖಾಲಿ–ಭರ್ತಿಯ ಪಟ್ಟಿ ಕೊಟ್ಟರು. 1983ರ ಬರ್ಕ್ಲಿ ಯುನಿಕ್ಸಿನಲ್ಲಿ ಇದು ಹೊರಬಂತು. ಉದ್ದೇಶ ವೇಗ ಮಾತ್ರ. ಆದರೆ ಒಂದು ದೊಡ್ಡ ಲೆಡ್ಜರಿನ ಬದಲು ನೂರು ಚಿಕ್ಕ ಲೆಡ್ಜರು ಮಾಡಿದ ಮೇಲೆ, ನೂರಾ ಒಂದನೆಯದನ್ನು ಕಪಾಟಿಗೆ ಸೇರಿಸುವುದು ಏನು ಮಹಾ? ಹಳೆಯ ನೂರನ್ನು ಮುಟ್ಟಲೇಬೇಕಿಲ್ಲ. ಈ ಗುಂಪಿನ ಉಪಾಯವನ್ನು ಲಿನಕ್ಸಿನವರು 1993ರಲ್ಲಿ ಇಎಕ್ಸ್‌ಟಿ2 ಎಂಬ ಫೈಲ್‌ಸಿಸ್ಟಮ್‌ಗೆ ತೆಗೆದುಕೊಂಡರು. ಅದರ ಮೊಮ್ಮಗ ಇಎಕ್ಸ್‌ಟಿ4, 2008ರಿಂದ ಬಳಕೆಯಲ್ಲಿದೆ. ನಮ್ಮ ಹುಡುಗಿಯ ಅಪ್ಪನ ಸರ್ವರ್‌ನಲ್ಲೂ ಅದೇ ಇದೆಯಂತೆ.

ಈಗ ಮಕ್ಕಳು ಪೆನ್ಸಿಲ್ ತೆಗೆದುಕೊಳ್ಳಿ. ಇಎಕ್ಸ್‌ಟಿ4ರಲ್ಲಿ ಒಂದು ಗುಂಪು ಎಷ್ಟು ದೊಡ್ಡದು? ಖಾಲಿ–ಭರ್ತಿಯ ಪಟ್ಟಿಗೆ ಒಂದೇ ಒಂದು ಬ್ಲಾಕು ಕೊಟ್ಟಿದ್ದಾರೆ. ಒಂದು ಬ್ಲಾಕಿನಲ್ಲಿ 4096 ಬೈಟು, ಒಂದು ಬೈಟಿನಲ್ಲಿ 8 ಬಿಟ್ಟು. ಗುಣಿಸಿದರೆ 32,768 ಬಿಟ್ಟು. ಪ್ರತಿ ಬಿಟ್ಟೂ ಒಂದು ಬ್ಲಾಕಿನ ಪರವಾಗಿ ನಿಂತಿರುತ್ತದೆ: 0 ಎಂದರೆ ಖಾಲಿ, 1 ಎಂದರೆ ಭರ್ತಿ. ಹಾಗಾದರೆ ಒಂದು ಗುಂಪಿನಲ್ಲಿ 32,768 ಬ್ಲಾಕು. ಅದನ್ನು ಮತ್ತೆ 4096ರಿಂದ ಗುಣಿಸಿ. 13,42,17,728 ಬೈಟು, ಅಂದರೆ ಸರಿಯಾಗಿ 128 ಎಂಬಿ. 100 ಜಿಬಿಯಲ್ಲಿ ಇಂಥವು 800 ಗುಂಪು. 150 ಜಿಬಿ ಮಾಡಬೇಕೆಂದರೆ 400 ಹೊಸ ಗುಂಪು ಸೇರಬೇಕು. ಸಾಮಾನ್ಯವಾಗಿ ಗುಂಪಿಗೆ 8192 ಐನೋಡು ಇಡುತ್ತಾರೆ, ಆದ್ದರಿಂದ 32,76,800 ಹೊಸ ಫೈಲುಗಳಿಗೆ ತಲೆಹಾಳೆಯೂ ಜೊತೆಗೇ ಸಿಗುತ್ತದೆ.

ಇನ್ನು ಆ ರಾತ್ರಿಗೆ ಬರೋಣ. ಈಗಿನ ಸರ್ವರ್‌ಗಳಿಗೆ ಡಿಸ್ಕನ್ನು ಕೈಯಲ್ಲಿ ಹಿಡಿದು ಜೋಡಿಸುವುದು ಕಡಿಮೆ. ದೊಡ್ಡದೊಂದು ಡಿಸ್ಕುಗಳ ಉಗ್ರಾಣದಿಂದ ನಿನಗಿಷ್ಟು, ನಿನಗಿಷ್ಟು ಎಂದು ಸೇರಿನಲ್ಲಿ ಅಳೆದಂತೆ ಕೊಡುತ್ತಾರೆ. ಅಪ್ಪ ಮಾಡಿದ ಮೊದಲ ಕೆಲಸ ಅದು. ಅಳತೆಯನ್ನು 100ರಿಂದ 150ಕ್ಕೆ ಏರಿಸಿದರು. ಉಗ್ರಾಣದವನ ಪುಸ್ತಕದಲ್ಲಿ 150 ಆಯಿತು. ಆದರೆ ಅದರ ಮೇಲೆ ಇನ್ನೂ ಎರಡು ಪುಸ್ತಕಗಳಿವೆ, ಅವಕ್ಕೆ ಯಾರೂ ಸುದ್ದಿ ಮುಟ್ಟಿಸಿಲ್ಲ.

ಮೊದಲನೆಯದು ಪಾರ್ಟಿಷನ್ ಪಟ್ಟಿ. ಇದು ನಿವೇಶನದ ಚಕ್ಕುಬಂದಿ ಇದ್ದಂತೆ: ಇಲ್ಲಿಂದ ಶುರು, ಇಲ್ಲಿಗೆ ಮುಕ್ತಾಯ. ಡಿಸ್ಕು ಬೆಳೆದರೂ ಚಕ್ಕುಬಂದಿಯಲ್ಲಿ ಹಳೆಯ ಗಡಿಯೇ ಇರುತ್ತದೆ. ಗ್ರೋಪಾರ್ಟ್ ಎಂಬ ಆದೇಶ ಕೊನೆಯ ಗಡಿಕಲ್ಲನ್ನು ಕಿತ್ತು ದೂರ ನೆಡುತ್ತದೆ. ಮೊದಲ ಗಡಿಕಲ್ಲನ್ನು ಮಾತ್ರ ಕೂದಲೆಳೆಯಷ್ಟೂ ಅಲುಗಿಸಬಾರದು. ಫೈಲ್‌ಸಿಸ್ಟಮ್ ತನ್ನ ಎಲ್ಲ ಬ್ಲಾಕುಗಳನ್ನೂ ಆ ಕಲ್ಲಿನಿಂದಲೇ ಎಣಿಸುತ್ತದೆ. ಕೈಯಿಂದ ಅಂಕಿ ತುಂಬುವವರು ಪ್ರಾರಂಭದ ಅಂಕಿಯನ್ನು ತಪ್ಪು ಬರೆದರೆ ಮಾಹಿತಿಯೆಲ್ಲ ಇದ್ದಲ್ಲೇ ಇದ್ದರೂ ಯಾವುದೂ ಸಿಗುವುದಿಲ್ಲ. ಇನ್ನೊಂದು ಮಾತು. ನಿವೇಶನದ ಪಕ್ಕದಲ್ಲೇ ಬೇರೊಬ್ಬರ ಮನೆಯಿದ್ದರೆ, ಎಂದರೆ ಒಂದು ಪಾರ್ಟಿಷನ್ನಿನ ಹಿಂದೆಯೇ ಇನ್ನೊಂದು ಪಾರ್ಟಿಷನ್ ಇದ್ದರೆ, ಗಡಿಕಲ್ಲು ಸರಿಸಲು ಜಾಗವೇ ಇಲ್ಲ. ಡಿಸ್ಕಿನ ಕೊನೆಯಲ್ಲಿ 50 ಜಿಬಿ ಖಾಲಿ ಬಿದ್ದಿದ್ದರೂ ಆಸೆಯಿಂದ ನೋಡಬೇಕಷ್ಟೆ.

ಈ ಪಕ್ಕದ ಮನೆಯ ಪೀಡೆಯೇ ಬೇಡವೆಂದು ಕೆಲವರು ನಡುವೆ ಇನ್ನೊಂದು ಪದರ ಇಟ್ಟುಕೊಳ್ಳುತ್ತಾರೆ, ಎಲ್‌ವಿಎಂ ಎಂದು. ಅದು ನಿಜವಾದ ಬಿಡಿ ಹಾಳೆಯ ರಟ್ಟು. ಸಾಮಾನ್ಯವಾಗಿ 4 ಎಂಬಿಯ ತುಂಡುಗಳನ್ನು ಯಾವ ಡಿಸ್ಕಿನ ಯಾವ ಮೂಲೆಯಿಂದ ಬೇಕಾದರೂ ತಂದು ಪೋಣಿಸಿ, ಮೇಲಿನವರಿಗೆ ಒಂದೇ ಸಮನಾದ ಡಿಸ್ಕಿನಂತೆ ತೋರಿಸುತ್ತದೆ. ನನಗೆ ಇದು ಬಹಳ ಮೆಚ್ಚಿಗೆ. ಆದರೆ ಸುದ್ದಿ ಮುಟ್ಟಿಸಬೇಕಾದ ಪುಸ್ತಕ ಮತ್ತೊಂದು ಹೆಚ್ಚಾಯಿತು ಎಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಮೇಲಿನದು ಫೈಲ್‌ಸಿಸ್ಟಮ್. ಎಷ್ಟು ಜಾಗ ಉಳಿದಿದೆ ಎಂದು ತೋರಿಸುವ ಡಿಎಫ್ ಎಂಬ ಆದೇಶವು ಕೇಳುವುದು ಈ ಮೇಲಿನ ಪುಸ್ತಕವನ್ನೇ. ಉಗ್ರಾಣಕ್ಕೆ ಹೋಗಿ ನೋಡುವುದಿಲ್ಲ. ಪರದೆಯ ಮೇಲೆ 100 ಎಂದೇ ಬರುತ್ತಿದ್ದುದು ಅದಕ್ಕೆ. ಅಪ್ಪ ಕೊನೆಗೆ ರಿಸೈಜ್2ಎಫ್‌ಎಸ್ ಎಂಬ ಆದೇಶ ಕೊಟ್ಟಾಗ ಅಂಕಿ ಬದಲಾಯಿತು. ಸರ್ವರ್ ನಿಲ್ಲಿಸಬೇಕಾಗಿಯೂ ಬರಲಿಲ್ಲ.

ಆ ಆದೇಶ ಒಳಗೆ ಏನು ಮಾಡುತ್ತದೆ ಎಂದು ಓದಿ ನೋಡಿದಾಗ ನನಗೆ ನಮ್ಮ ಹಳೆಯ ಹೆಡ್ ಕ್ಲಾರ್ಕ್ ನೆನಪಾದರು. ಅಷ್ಟು ಶಿಸ್ತು! ಮೊದಲು ಹೊಸ ಜಾಗಕ್ಕೆ ಹೋಗಿ ಹೊಸ ಗುಂಪುಗಳ ಖಾಲಿ–ಭರ್ತಿ ಪಟ್ಟಿ ಬರೆಯುತ್ತದೆ, ಖಾಲಿ ಐನೋಡುಗಳಿಗೆ ಜಾಗ ಗೊತ್ತುಮಾಡುತ್ತದೆ. ಅದು ಮುಗಿದ ಮೇಲೆ ಯಾವ ಗುಂಪಿನ ಪಟ್ಟಿ ಎಲ್ಲಿದೆ ಎಂಬ ಸೂಚಿಯಲ್ಲಿ ನಮೂದು. ಸೂಪರ್‌ಬ್ಲಾಕಿನಲ್ಲಿ ಒಟ್ಟು ಮೊತ್ತ ತಿದ್ದುವುದು ಕಟ್ಟಕಡೆಗೆ. ಈ ತಿದ್ದುಪಡಿಗಳೂ ಜರ್ನಲ್ ಎಂಬ ಕಚ್ಚಾ ಪುಸ್ತಕದಲ್ಲಿ ಬರೆದ ನಂತರವೇ ಪಕ್ಕಾ ಪುಸ್ತಕಕ್ಕೆ ಹೋಗುತ್ತವೆ. ನಡುವೆ ಕರೆಂಟು ಹೋಯಿತು ಎನ್ನಿ. ಹಳೆಯ ಮೊತ್ತವೇ ನಿಂತಿರುತ್ತದೆ, ಹಳೆಯ ವರದಿಗಳು ಎಂದಿನಂತೆ ಸಿಗುತ್ತವೆ, ಹೊಸ ಜಾಗ ಮಾತ್ರ ಇನ್ನೂ ಲೆಕ್ಕಕ್ಕೆ ಬಂದಿರುವುದಿಲ್ಲ. ಮೊತ್ತವನ್ನು ಮೊದಲು ತಿದ್ದಿ ಹಾಳೆಗಳನ್ನು ಆಮೇಲೆ ಸೇರಿಸಿದ್ದರೆ? ಇಲ್ಲದ ಪಟ್ಟಿಯನ್ನು ನಂಬಿ ಯಾರದೋ ರಕ್ತದ ವರದಿಯನ್ನು ಎಲ್ಲೋ ಬರೆದುಬಿಡುತ್ತಿತ್ತು.

ಸೂಚಿ ಬೆಳೆಯಲೂ ಜಾಗ ಬೇಕಲ್ಲ ಎಂದು ಚುರುಕು ಮಕ್ಕಳು ಕೇಳಬಹುದು. ಹಳೆಯ ಕಾಲದ ಗೋಡೆಯ ತಾಪತ್ರಯ ಮತ್ತೆ ಬಂತಲ್ಲ? ಅದಕ್ಕೂ ಮುಂಜಾಗ್ರತೆ ಇದೆ. ನಾವು ಸೂಚಿ ಬರೆಯುವಾಗ ‘ಕ’ ಅಕ್ಷರದ ಹೆಸರುಗಳು ಮುಗಿದ ಮೇಲೆ ಒಂದಷ್ಟು ಗೆರೆ ಖಾಲಿ ಬಿಡುತ್ತಿರಲಿಲ್ಲವೇ? ಹಾಗೆಯೇ ಫೈಲ್‌ಸಿಸ್ಟಮ್ ಹುಟ್ಟಿದ ದಿನವೇ ಸೂಚಿಯ ಪಕ್ಕ ಖಾಲಿ ಬ್ಲಾಕುಗಳನ್ನು ಕಾದಿಟ್ಟಿರುತ್ತಾರೆ. ಫೈಲ್‌ಸಿಸ್ಟಮ್ ಹುಟ್ಟಿದಾಗಿನ ಗಾತ್ರದ 1024 ಪಟ್ಟು ಬೆಳೆಯಲು ಸಾಲುವಷ್ಟನ್ನು ಅದು ತಾನಾಗಿ ಎತ್ತಿಡುತ್ತದೆ. ತೀರಾ ದೊಡ್ಡ ಡಿಸ್ಕುಗಳಲ್ಲಿ ಇದಕ್ಕೊಂದು ಮಿತಿ ಇದೆ, ಅದರ ಗೊಡವೆ ನಮಗೆ ಬೇಡ.

ಬೆಳೆಸುವುದು ಹೀಗೆ ಸಲೀಸು. ಕುಗ್ಗಿಸುವುದು ಹಾಗಲ್ಲ. ಬೆಳೆಸುವಾಗ ಕೆಳಗಿನಿಂದ ಮೇಲಕ್ಕೆ ಬಂದೆವು: ಡಿಸ್ಕು, ಪಾರ್ಟಿಷನ್, ಫೈಲ್‌ಸಿಸ್ಟಮ್. ಕುಗ್ಗಿಸುವಾಗ ಮೇಲಿನಿಂದ ಕೆಳಕ್ಕೆ. ಮನೆಯವರು ಸಾಮಾನು ಎತ್ತಿಕೊಳ್ಳುವ ಮೊದಲೇ ಗಡಿಕಲ್ಲು ಒಳಗೆ ತಂದು ನೆಟ್ಟರೆ ಕೋಣೆಯೇ ಹೊರಗುಳಿಯುತ್ತದೆ. ಇಎಕ್ಸ್‌ಟಿ4 ಅನ್ನು ಕುಗ್ಗಿಸಲು ಬಳಕೆ ನಿಲ್ಲಿಸಿ, ಬಾಗಿಲು ಹಾಕಿಯೇ ಮಾಡಬೇಕು. ಸಿಲಿಕಾನ್ ಗ್ರಾಫಿಕ್ಸ್ ಎಂಬ ಕಂಪನಿ 1990ರ ದಶಕದಲ್ಲಿ ತನ್ನ ಯುನಿಕ್ಸ್ ಯಂತ್ರಗಳಿಗಾಗಿ ಮಾಡಿದ ಎಕ್ಸ್‌ಎಫ್‌ಎಸ್ ಈಗ ಲಿನಕ್ಸಿನಲ್ಲೂ ಧಾರಾಳವಾಗಿ ಬಳಕೆಯಲ್ಲಿದೆ. ಅದನ್ನು ಬೆಳೆಸಬಹುದು, ಕುಗ್ಗಿಸುವ ಮಾತು ಬಿಡಿ. ಆದ್ದರಿಂದ ಉಗ್ರಾಣದಲ್ಲಿ ಇದೆಯೆಂದು ಒಮ್ಮೆಗೇ 1000 ಜಿಬಿ ಬಾಚಿ ಕೊಡುವುದು ನನಗೆ ಸರಿಕಾಣದು. 50 ಸಾಕಾದರೆ 50 ಕೊಡಿ. ಬೇಕಾದಾಗ ಮತ್ತೆ ಕೊಡಬಹುದು, ಕೊಟ್ಟದ್ದನ್ನು ವಾಪಸು ಪಡೆಯುವುದು ಕಷ್ಟ. ಸಾಲ ಮಂಜೂರು ಮಾಡುವ ಮ್ಯಾನೇಜರುಗಳಿಗೂ ಈ ಮಾತು ಹೊಸದಲ್ಲ.

ಇಷ್ಟೆಲ್ಲ ಮಾಡುವ ಮೊದಲು, ನಿಜಕ್ಕೂ ಜಾಗ ಮುಗಿದಿದೆಯೇ ಎಂದು ನೋಡಬೇಕು. ಕೆಲವೊಮ್ಮೆ ಬ್ಲಾಕುಗಳು ಬೇಕಾದಷ್ಟಿದ್ದು ಐನೋಡುಗಳು ಮುಗಿದಿರುತ್ತವೆ. ಲಕ್ಷಗಟ್ಟಲೆ ಚಿಲ್ಲರೆ ಫೈಲು ಇಟ್ಟರೆ ಹೀಗಾಗುತ್ತದೆ, ಆಗಲೂ ಯಂತ್ರ ಹೇಳುವುದು ಜಾಗವಿಲ್ಲ ಎಂದೇ. ಇನ್ನು ಕೆಲವೊಮ್ಮೆ ಯಾರೋ ದೊಡ್ಡ ಫೈಲೊಂದನ್ನು ಅಳಿಸಿರುತ್ತಾರೆ, ಆದರೆ ಯಾವುದೋ ಪ್ರೋಗ್ರಾಂ ಅದನ್ನು ತೆರೆದುಕೊಂಡೇ ಕೂತಿರುತ್ತದೆ. ಸೂಚಿಯಲ್ಲಿ ಹೆಸರು ಹೊಡೆದುಹಾಕಿದ್ದಾಗಿದೆ, ಹಾಳೆ ಮಾತ್ರ ಇನ್ನೂ ಗುಮಾಸ್ತನ ಕೈಯಲ್ಲಿದೆ. ಅವನು ಕೆಳಗಿಡುವ ತನಕ ಆ ಜಾಗ ಬಿಡುವುದಿಲ್ಲ. ಇಂಥ ಕಡೆ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರುಮಾಡಿದರೆ ಮುಗಿಯಿತು, ಡಿಸ್ಕು ಬೆಳೆಸುವುದು ದಂಡ.

ಅಜ್ಜಿಯರಿಗೆ ಇಷ್ಟವಾಗುವ ಸಂಗತಿ ಒಂದಿದೆ. ಸಾಸಿವೆ ಡಬ್ಬದಲ್ಲಿ ಮನೆಗೆ ಗೊತ್ತಾಗದಂತೆ ನಾಲ್ಕು ಕಾಸು ಇಟ್ಟಿರುತ್ತೀರಲ್ಲ? ಇಎಕ್ಸ್‌ಟಿ4 ಕೂಡ ಹಾಗೇ. ಸಾಮಾನ್ಯವಾಗಿ ನೂರಕ್ಕೆ 5 ಪಾಲು ಜಾಗವನ್ನು ಎಲ್ಲರ ಕಣ್ಣಿಂದ ಮರೆಮಾಡಿ, ಸರ್ವರ್‌ನ ಯಜಮಾನನಿಗೆಂದು ತೆಗೆದಿಡುತ್ತದೆ. ಉಳಿದವರಿಗೆಲ್ಲ ಭರ್ತಿ ಎನಿಸಿದಾಗಲೂ ಯಜಮಾನನಿಗೆ ಒಂದಷ್ಟು ಜಾಗವಿರುತ್ತದೆ. ಇದು ಎಷ್ಟು ಬೇಕಾಗುತ್ತದೆ ಗೊತ್ತೇ? ಗಡಿಕಲ್ಲು ಸರಿಸುವ ಗ್ರೋಪಾರ್ಟ್ ಕೆಲಸ ಮಾಡುವಾಗ ಒಂದು ಪುಟ್ಟ ಚೀಟಿ ಬರೆದಿಟ್ಟುಕೊಳ್ಳಬೇಕು. ಸಾಸಿವೆ ಡಬ್ಬವೂ ಬರಿದಾಗಿದ್ದರೆ ಆ ಚೀಟಿಗೂ ಜಾಗವಿಲ್ಲದೆ, ಜಾಗ ಮಾಡಲು ಬಂದವನೇ ಜಾಗವಿಲ್ಲವೆಂದು ಹಿಂತಿರುಗುತ್ತಾನೆ!

ಹುಡುಗಿಯ ಕಾಗದದಲ್ಲಿ ಇನ್ನೊಂದು ಸಾಲಿದೆ. ಮೊದಲ ಅರ್ಧ ಗಂಟೆ ಅಪ್ಪ ಏನೂ ಮಾಡದೆ ಸುಮ್ಮನೆ ಪರದೆ ನೋಡುತ್ತಾ ಕೂತಿದ್ದರಂತೆ. ಮಗು, ಅವರು ಸುಮ್ಮನಿರಲಿಲ್ಲ. ವರದಿಗಳಿಗೆಲ್ಲ ಇನ್ನೊಂದು ಪ್ರತಿ ತೆಗೆಯುತ್ತಿದ್ದರು, ಅದು ಮುಗಿಯಲು ಹೊತ್ತು ಹಿಡಿಯುತ್ತದೆ. ವಾರ್ಡಿನಿಂದ ಫೋನು ಮೇಲೆ ಫೋನು ಬರುತ್ತಿರುವಾಗ ಆ ಅರ್ಧ ಗಂಟೆ ಕಾಯುವುದೇ ಅತ್ಯಂತ ಕಷ್ಟದ ಕೆಲಸ. ಆಮೇಲೆ ಒಂದೊಂದು ಆದೇಶ ಕೊಡುವ ಮೊದಲೂ ಯಾರಿಗೋ ಫೋನಿನಲ್ಲಿ ಅಕ್ಷರ ಅಕ್ಷರ ಓದಿ ಹೇಳುತ್ತಿದ್ದರಂತೆ. ನಾವೂ ಸಂಜೆ ಹೊತ್ತು ಹೀಗೇ ಮಾಡುತ್ತಿದ್ದೆವು. ಒಬ್ಬರು ವೋಚರು ಓದುವುದು, ಇನ್ನೊಬ್ಬರು ಲೆಡ್ಜರಿನಲ್ಲಿ ಟಿಕ್ ಹಾಕುವುದು. ಬರೆದವರೇ ತಾಳೆ ನೋಡುವಂತಿರಲಿಲ್ಲ.

ಈ ವಾರದ ಲೆಕ್ಕ. ಸೂಪರ್‌ಬ್ಲಾಕ್ ಹಾಳಾದರೆ ಗತಿಯೇನು ಎಂದು ಅದರ ನಕಲುಗಳನ್ನು ಕೆಲವು ಗುಂಪುಗಳಲ್ಲಿ ಬಚ್ಚಿಟ್ಟಿರುತ್ತಾರೆ. ಗುಂಪುಗಳ ಎಣಿಕೆ ಸೊನ್ನೆಯಿಂದ ಶುರು. ಅಸಲು ಇರುವುದು 0ನೇ ಗುಂಪಿನಲ್ಲಿ. ನಕಲು 1ನೇ ಗುಂಪಿನಲ್ಲಿ, ಆಮೇಲೆ 3, 5, 7 ಈ ಮೂರು ಸಂಖ್ಯೆಗಳ ಘಾತಗಳಲ್ಲಿ ಮಾತ್ರ. ಅಂದರೆ 3, 9, 27 ಹೀಗೆ. 5, 25, 125 ಹೀಗೆ. 7, 49 ಹೀಗೆ. 800 ಗುಂಪುಗಳಿದ್ದಾಗ ಅಸಲೂ ಸೇರಿ ಒಟ್ಟು ಎಷ್ಟು ಪ್ರತಿಗಳಿದ್ದವು? 1200 ಗುಂಪುಗಳಾದ ಮೇಲೆ ಎಷ್ಟು ಹೆಚ್ಚಾದವು? ಎರಡನೆಯದಕ್ಕೆ ಅವಸರದಲ್ಲಿ ಉತ್ತರ ಬರೆಯಬೇಡಿ. ಅಜ್ಜನ ಹತ್ತಿರ ಓದಿ ಹೇಳಿ, ಅವರು ಟಿಕ್ ಹಾಕಿದ ಮೇಲೆ ಕಳಿಸಿ.